ಹಂಚಿನ ಮೇಲಿನ 1865: ಪಾಣೆಮಂಗಳೂರಿನ ಒಂದು ಸಣ್ಣ ಮನೆಯ ದುರಸ್ತಿ

"ಹಂಚಿನಲ್ಲೇ ಇಸವಿ ಕೊರೆದಿದೆ, ಇನ್ನೇನು ಸಾಕ್ಷಿ ಬೇಕು?" ಎಂದು ಮಾವ ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತ ಬಂದಿದ್ದರು. ಮನೆಗೆ ಯಾರೇ ಬರಲಿ, ಜಗಲಿಯ ಮೂಲೆಯಲ್ಲಿ ಒರಗಿಸಿಟ್ಟಿದ್ದ ಒಂದು ಹಂಚನ್ನು ಮಗುಚಿ ತೋರಿಸುತ್ತಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್, ಮಂಗಳೂರು, 1865 ಎಂದು ಉಬ್ಬಚ್ಚು. ಹಾಗಾಗಿ ನಮ್ಮ ಮನೆ 1865ರದ್ದು ಎಂಬುದರಲ್ಲಿ ನಮಗೆ ಯಾರಿಗೂ ಸಂಶಯವೇ ಇರಲಿಲ್ಲ. ಕಳೆದ ಡಿಸೆಂಬರಿನಲ್ಲಿ ದುರಸ್ತಿಗೆ ಕೈಹಾಕಿ ಜೂನ್ ಹೊತ್ತಿಗೆ ಮಾಡು (ನಮ್ಮಲ್ಲಿ ಇಳಿಜಾರು ಚಾವಣಿಗೆ ಹೀಗೆನ್ನುತ್ತಾರೆ) ಮುಚ್ಚುವಷ್ಟರಲ್ಲಿ ಮನೆಯ ವಯಸ್ಸು ಎಲ್ಲಿ ಬರೆದಿರುತ್ತದೆ ಎಂಬ ನನ್ನ ತಿಳಿವಳಿಕೆಯೇ ಬದಲಾಗಿತ್ತು. ಆ ಆರು ತಿಂಗಳಲ್ಲಿ ಮಾಡಿದ್ದನ್ನೂ ಕಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಮಣ್ಣಿನ ಮನೆ ಇರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮನೆ ಇರುವುದು ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ತೆಂಕು ದಂಡೆಯಲ್ಲಿ. ಆಚೆ ದಂಡೆಯಲ್ಲಿ ಬಂಟ್ವಾಳದ ಹಳೆಯ ಪೇಟೆ. ಘಟ್ಟದ ಮೇಲಿನಿಂದ ಎತ್ತಿನ ಮೇಲೆ ಬಂದ ಸರಕು ಬಂಟ್ವಾಳದಲ್ಲಿ ದೋಣಿ ಹತ್ತಿ ಮಂಗಳೂರಿಗೆ ಇಳಿಯುತ್ತಿದ್ದ ಕಾಲದಲ್ಲಿ ಈ ಎರಡೂ ದಂಡೆಗಳಲ್ಲಿ ವ್ಯಾಪಾರ ಮಾಡಿದವರಿದ್ದರು, ಹೊರೆ ಹೊತ್ತವರಿದ್ದರು, ದೋಣಿ ನಡೆಸಿದವರಿದ್ದರು. ನಮ್ಮದು ದೊಡ್ಡವರ ಗುತ್ತಿನ ಮನೆಯಲ್ಲ. ಒಳಗೆ ಅಳೆದರೆ 26 ಅಡಿ ಉದ್ದ, 18 ಅಡಿ ಅಗಲ. ಮೂಡಣ ಬದಿಗೆ ಜಗಲಿ, ಅದರ ಹಿಂದೆ ಚಾವಡಿ, ಎಡಕ್ಕೆ ಕಿಟಕಿಯೇ ಇಲ್ಲದ ಕತ್ತಲೆ ಕೋಣೆ, ಕೊನೆಗೆ ಅಡುಗೆಮನೆ. ಚಾವಡಿಯ ಮೇಲೆ ಮಾತ್ರ ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ. ಅಳಿಯಸಂತಾನದ ಕುಟುಂಬವಾದ್ದರಿಂದ ಮನೆ ಹೆಣ್ಣುಮಕ್ಕಳ ಕಡೆಯಿಂದಲೇ ಇಳಿದು ಬಂದಿದೆ. ಅಜ್ಜಿಯಿಂದ ದೊಡ್ಡಮ್ಮನಿಗೆ, ದೊಡ್ಡಮ್ಮ ತೀರಿಕೊಂಡ ಮೇಲೆ ನನಗೆ.

ಹತ್ತು ವರ್ಷ ಬಾಗಿಲು ಹಾಕಿದ್ದ ಮನೆ. ಡಿಸೆಂಬರಿನಲ್ಲಿ ಹೋಗಿ ನೋಡಿದಾಗ ಜಗಲಿಯ ಇಳಿಮಾಡು ನಡುವಿನಲ್ಲಿ ಒಂದು ಗೇಣು ಕುಸಿದಿತ್ತು. ಗೋಡೆಯ ಕೆಳಭಾಗದಲ್ಲಿ ಆಳೆತ್ತರಕ್ಕೆ ಹಸಿರು ಪಾಚಿ ಕಟ್ಟಿತ್ತು. ಒಳಗೆ ಕೈಯಿಟ್ಟರೆ ಗೋಡೆ ತಣ್ಣಗೆ, ಒದ್ದೆ. ನೋಡಿದ ಇಬ್ಬರು ಗುತ್ತಿಗೆದಾರರು ಕೆಡವಿ ಕಟ್ಟುವುದೇ ಲೇಸು ಎಂದರು. ಮೂರನೆಯವರು ಮೇಸ್ತ್ರಿ. ಅರುವತ್ತು ದಾಟಿದವರು, ಮಣ್ಣಿನ ಗೋಡೆಯ ಕೆಲಸವನ್ನು ತಂದೆಯಿಂದ ಕಲಿತವರು. ಅವರು ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತ ಮನೆಗೆ ಒಂದು ಸುತ್ತು ಬಂದರು. ಕೆಲವು ಕಡೆ ಟೊಳ್ಳು ಸದ್ದು. "ಅಕ್ಕ, ಗೋಡೆ ಕೆಟ್ಟಿಲ್ಲ. ಅದಕ್ಕೆ ಹಾಕಿದ ಅಂಗಿ ಕೆಟ್ಟದ್ದು. ಬೆವರಲು ದಾರಿಯೇ ಇಲ್ಲದ ಹಾಗೆ ಸಿಮೆಂಟು ಬಳಿದಿದ್ದಾರೆ" ಎಂದರು. ಅವರ ಆ ಒಂದು ಮಾತಿನ ಮೇಲೆ ಕೆಲಸ ಶುರುವಾಯಿತು.

ಜನವರಿ: ಸಿಮೆಂಟು ಕಿತ್ತದ್ದು

ನಮ್ಮ ಕಡೆಯ ಹಳೆಯ ಸಣ್ಣ ಮನೆಗಳ ಗೋಡೆ ಎರಡು ತುಂಡು. ಪಂಚಾಂಗವೂ (ತಳಪಾಯ) ಅದರ ಮೇಲೆ ಮೂರು ಅಡಿಯಷ್ಟು ಗೋಡೆಯೂ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಅಲ್ಲಿಂದ ಮೇಲಕ್ಕೆ ಕಲಸಿ ತುಳಿದು ಹದಮಾಡಿದ ಕೆಂಪು ಮಣ್ಣಿನ ಮುದ್ದೆಗಳನ್ನು ಒಂದರ ಮೇಲೊಂದು ಕೂರಿಸಿ, ಒಂದೂವರೆ ಅಡಿ ಎತ್ತರವಾದ ಮೇಲೆ ನಿಲ್ಲಿಸಿ, ಒಣಗಿದ ಮೇಲೆ ಮುಂದಿನ ವರಸೆ. ಗೋಡೆಯ ದಪ್ಪ 18 ಅಂಗುಲ. ನೆಲದ ತೇವ ಮುರಕಲ್ಲಿನ ತೂತುಗಳಲ್ಲಿ ಸ್ವಲ್ಪ ಏರುವುದು ಸಹಜ. ಹೊರಗೆ ಸುಣ್ಣದ ಗಾರೆ ಇದ್ದರೆ ಆ ತೇವ ಬೇಸಿಗೆಯಲ್ಲಿ ಆರಿಹೋಗುತ್ತದೆ. ಮೇಲೆ ಸಿಮೆಂಟಿನ ಗಟ್ಟಿ ಪದರ ಬಂತೆಂದರೆ ಆರಲು ಎಡೆಯಿಲ್ಲದೆ ಇನ್ನಷ್ಟು ಮೇಲಕ್ಕೆ ಏರಿ ಮಣ್ಣನ್ನೇ ಮುಟ್ಟುತ್ತದೆ. ನಮ್ಮ ಮನೆಗೆ ಸಿಮೆಂಟು ಹಾಕಿಸಿ ಸುಮಾರು ನಲವತ್ತು ವರ್ಷ. ಆಗ ಅದು ಮನೆಗೆ ಮಾಡುವ ಮರ್ಯಾದೆ ಎಂದೇ ಎಲ್ಲರೂ ನಂಬಿದ್ದರು.

ಕೀಳುವಾಗ ಒಂದು ಎಚ್ಚರಿಕೆ ಬೇಕು. ದೊಡ್ಡ ಸುತ್ತಿಗೆಯಿಂದ ಬಡಿದರೆ ಸಿಮೆಂಟಿನ ಜೊತೆ ಮಣ್ಣೂ ಎದ್ದು ಬರುತ್ತದೆ. ಮೇಸ್ತ್ರಿ ಟೊಳ್ಳು ಸದ್ದು ಬಂದ ಕಡೆ ಸಣ್ಣ ಉಳಿಯಿಂದ ಒಂದು ತೂತು ಮಾಡಿ, ಅಲ್ಲಿಂದ ಚಪ್ಪಟೆ ಸಲಾಕೆ ತೂರಿಸಿ ಹಲಗೆ ಹಲಗೆಯಾಗಿ ಎಬ್ಬಿಸಿದರು. ಕೆಲವು ತುಂಡುಗಳು ಬಾಗಿಲಿನಷ್ಟು ದೊಡ್ಡದಾಗಿ ಒಂದೇ ಏಟಿಗೆ ಕಳಚಿ ಬಿದ್ದವು. ಅದರ ಹಿಂದಿನ ಮಣ್ಣು ಕೈಯಲ್ಲಿ ಒತ್ತಿದರೆ ಹಿಟ್ಟಿನ ಹಾಗೆ ಅದುಮಿಹೋಗುತ್ತಿತ್ತು. ಕಲ್ಲಿನ ಮೇಲೆ ಬಿಳಿ ಉಪ್ಪು ಹೂವಿನಂತೆ ಅರಳಿತ್ತು. ಒಣ ಬ್ರಷ್ಷಿನಿಂದ ಆ ಉಪ್ಪನ್ನು ತೆಗೆದೆವು. ನೀರು ಹಾಕಿ ತೊಳೆದರೆ ಅದು ಮತ್ತೆ ಒಳಕ್ಕೇ ಹೋಗುತ್ತದೆ. ಒಂದು ತಿಂಗಳು ಗೋಡೆಯನ್ನು ಹಾಗೇ ಬರಿಮೈಯಲ್ಲಿ ಬಿಟ್ಟೆವು.

ಮೂರು ಬದಿಯ ಗೋಡೆಗಳು ನಾನು ಹೇಳಿದ ಹಾಗೇ ಇದ್ದವು. ನದಿಯ ಕಡೆಯ ಬಡಗು ಗೋಡೆ ಬೇರೆಯೇ. ಅದು ಬುಡದಿಂದ ತಲೆಯವರೆಗೂ ಮುರಕಲ್ಲು. ಕೆಳಗಿನ ಮೂರು ಅಡಿಯ ಕಲ್ಲುಗಳು ದೊಡ್ಡವು, ಕೊಡಲಿಯ ಕಚ್ಚುಗಳು ಓರೆಯಾಗಿ ಮೂಡಿದ್ದವು. ಮೇಲಿನ ಕಲ್ಲುಗಳು ಚಿಕ್ಕವು, ಕೆತ್ತನೆ ಸಪಾಟು, ಸಂದುಗಳಲ್ಲಿ ಮಣ್ಣಿನ ಬದಲು ಸುಣ್ಣ. ಎರಡು ಕಾಲದ ಎರಡು ಕೈ ಎಂಬುದು ನನಗೂ ಗೊತ್ತಾಗುವಷ್ಟು ಸ್ಪಷ್ಟವಾಗಿತ್ತು. ಅಕ್ಕಪಕ್ಕದ ಗೋಡೆಗಳು ಇದಕ್ಕೆ ಬಂದು ಸೇರುವ ಮೂಲೆಗಳಲ್ಲಿ ಮಣ್ಣಿನ ಮೇಲೆ ನಾಲ್ಕೂವರೆ ಅಡಿ ಎತ್ತರದಲ್ಲಿ ಒಂದು ಗೆರೆ. ಅದರ ಕೆಳಗೆ ಬೆರಳಿನಲ್ಲಿ ಉಜ್ಜಿದರೆ ಉದುರುವ ನಯವಾದ ಬೂದು ಮೆಕ್ಕಲು. ನಮ್ಮ ಗೋಡೆಯ ಮಣ್ಣು ಕೆಂಪು. ಬೂದು ಬಣ್ಣದ್ದು ನದಿಯ ಮಣ್ಣು.

ಮಾವನನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾರಿಬೊಳ್ಳದಲ್ಲಿ ಗೋಡೆ ಕರಗಿಹೋಯಿತು ಎಂದು ಅಮ್ಮ ಹೇಳುತ್ತಿದ್ದಳು. ನಾನು ಬೇರೆ ಯಾರದೋ ಮನೆಯ ಕತೆ ಎಂದುಕೊಂಡಿದ್ದೆ" ಎಂದರು. ಮಾರಿಬೊಳ್ಳ ಎಂದರೆ 1923ರ ನೆರೆ. ನೇತ್ರಾವತಿಯ ಎರಡೂ ದಂಡೆಗಳಲ್ಲಿ ಇಂದಿಗೂ ಅದೇ ಹೆಸರಿನಿಂದ ನೆನೆಯುತ್ತಾರೆ. ಮಣ್ಣಿನ ಗೋಡೆ ಮೇಲಿಂದ ಬೀಳುವ ಮಳೆಯನ್ನು ಮಾಡಿನ ಆಸರೆಯಲ್ಲಿ ನೂರು ವರ್ಷ ತಡೆದೀತು, ಆದರೆ ಎರಡು ದಿನ ನಿಂತ ನೀರಿನಲ್ಲಿ ನೆನೆದರೆ ಬುಡ ಮೆತ್ತಗಾಗಿ ಕುಳಿತುಬಿಡುತ್ತದೆ. ಹರಿವಿಗೆ ಎದುರಾಗಿದ್ದ ಗೋಡೆ ಬಿದ್ದಿರಬೇಕು. ಮತ್ತೆ ಕಟ್ಟಿದವರು ಕಲಿತ ಪಾಠವನ್ನು ಕಲ್ಲಿನಲ್ಲೇ ಕಟ್ಟಿದ್ದಾರೆ. 1974ರ ನೆರೆಯಲ್ಲಿ ಜಗಲಿ ಮುಳುಗಿದ್ದು ಅಮ್ಮನಿಗೆ ಚೆನ್ನಾಗಿ ನೆನಪಿದೆ. ಆಗ ಆ ಗೋಡೆ ಅಲುಗಲಿಲ್ಲ.

ಮುರಕಲ್ಲಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೆಲದಡಿ ಇದ್ದಾಗ ಕೊಡಲಿಗೆ ಸಿಗುವಷ್ಟು ಮೆತ್ತಗೆ, ಹೊರಗೆ ಗಾಳಿ ಬಿಸಿಲಿಗೆ ಬಂದ ಮೇಲೆ ಅದರೊಳಗಿನ ಕಬ್ಬಿಣದ ಅಂಶದಿಂದಾಗಿ ಗಟ್ಟಿಯಾಗುವ ಕಲ್ಲು ಇದು. ಕನ್ನಡ ಜಿಲ್ಲೆಯನ್ನೂ ಮಲಬಾರನ್ನೂ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಲೋಕದ ಭೂವಿಜ್ಞಾನಿಗಳೆಲ್ಲ ಬಳಸುವ ಆ ಹೆಸರು ಹುಟ್ಟಿದ್ದು ನಮ್ಮ ಕರಾವಳಿಯ ಗೋಡೆ ಕಟ್ಟುವವರ ಕೆಲಸ ನೋಡಿ ಎಂಬುದು ನನಗೆ ಹೆಮ್ಮೆಯ ಸಂಗತಿ. ಈಗ ಯಂತ್ರದಲ್ಲಿ ಕೊಯ್ದ ಕಲ್ಲಿನ ಮೈಮೇಲೆ ಗರಗಸದ ವೃತ್ತಾಕಾರದ ಗೆರೆಗಳಿರುತ್ತವೆ. ಒಡೆದುಹೋಗಿದ್ದ ಏಳು ಕಲ್ಲುಗಳ ಬದಲಿಗೆ ಹೊಸದನ್ನು ಇಡುವಾಗ ನಾವು ಆ ಗೆರೆಗಳನ್ನು ಅಳಿಸಲಿಲ್ಲ. ಮುಂದೆ ಯಾರಾದರೂ ಗಾರೆ ಬಿಡಿಸಿದರೆ ಯಾವುದು ನಮ್ಮದು ಎಂದು ತಿಳಿಯಬೇಕು.

ಸುಣ್ಣದ ಹೊಂಡ

ಗಾರೆಗೆ ಬೇಕಾದ ಸುಣ್ಣ ಚಿಪ್ಪಿನದೇ ಆಗಬೇಕೆಂದು ಮೇಸ್ತ್ರಿ ಹಟ ಹಿಡಿದರು. ಅಳಿವೆಯಲ್ಲಿ ಸಿಗುವ ಮರುವಾಯಿಯ ಚಿಪ್ಪನ್ನು ಸುಟ್ಟು ಮಾಡಿದ್ದು. ಚಿಪ್ಪು ಉರಿಯಲ್ಲಿ ತನ್ನೊಳಗಿನ ಇಂಗಾಲಾಮ್ಲವನ್ನು ಬಿಟ್ಟುಕೊಟ್ಟು ಹಗುರವಾಗುತ್ತದೆ. ನೀರು ಕುಡಿದು ಬೆಣ್ಣೆಯಾಗುತ್ತದೆ. ಗೋಡೆಗೆ ಹತ್ತಿದ ಮೇಲೆ ಕಳೆದುಕೊಂಡದ್ದನ್ನು ಗಾಳಿಯಿಂದ ನಿಧಾನಕ್ಕೆ ಹಿಂದಕ್ಕೆ ಪಡೆದು ಮತ್ತೆ ಚಿಪ್ಪಿನಷ್ಟೇ ಗಟ್ಟಿಯಾಗುತ್ತದೆ. ಹಿತ್ತಿಲಲ್ಲಿ ನಾಲ್ಕಡಿ ಆಳದ ಹೊಂಡ ತೋಡಿ, ಒಳಗೆ ಕಲ್ಲು ಕಟ್ಟಿ, ನೀರು ತುಂಬಿ, ಅದಕ್ಕೆ ಸುಟ್ಟ ಸುಣ್ಣವನ್ನು ಬುಟ್ಟಿ ಬುಟ್ಟಿಯಾಗಿ ಸುರಿದೆವು. ಯಾವಾಗಲೂ ನೀರಿಗೆ ಸುಣ್ಣ ಹಾಕಬೇಕು. ಸುಣ್ಣದ ಮೇಲೆ ನೀರು ಹೊಯ್ದರೆ ಮುಖಕ್ಕೆ ಸಿಡಿಯುತ್ತದೆ. ನೀರು ಕೊತಕೊತ ಕುದಿಯಿತು. ಕನ್ನಡಕ, ಉದ್ದ ತೋಳಿನ ಅಂಗಿ, ಕೈಗವಸು ಇಲ್ಲದೆ ಯಾರೂ ಹತ್ತಿರ ಹೋಗಕೂಡದು ಎಂದು ಕಟ್ಟುನಿಟ್ಟು ಮಾಡಿದ್ದೆ.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಮೂರು ವಾರವಾದರೂ ಸುಣ್ಣ ನೀರಿನಡಿ ಮಲಗಿರಬೇಕು ಎಂದು ಮೇಸ್ತ್ರಿ ಹೇಳಿದ್ದರು. ಅವರು ಬೇರೆ ಊರಿಗೆ ಹೋಗಿದ್ದ ಸಮಯದಲ್ಲಿ, ಎಂಟನೆಯ ದಿನ, ಅಡುಗೆಮನೆಯ ಒಳಗೋಡೆಯಲ್ಲಿ ಒಂದು ಚಾಪೆಯಗಲದಷ್ಟು ಜಾಗಕ್ಕೆ ನಾನೇ ಗಾರೆ ಬಳಿಸಿದೆ. ಹತ್ತು ದಿನದಲ್ಲಿ ಅಲ್ಲಿ ಹೆಸರುಕಾಳಿನ ಗಾತ್ರದ ಕುಳಿಗಳು. ಪ್ರತಿ ಕುಳಿಯ ನಡುವೆ ಒಂದು ಬಿಳಿ ಚುಕ್ಕಿ. ಪೂರ್ತಿ ಅರಳದ ಸುಣ್ಣದ ಹರಳು ಗೋಡೆಯೊಳಗೆ ಕುಳಿತು ಆಮೇಲೆ ತೇವ ಕುಡಿದು ಉಬ್ಬಿ ಸಿಡಿದಿತ್ತು. ಅಷ್ಟನ್ನೂ ಕೆರೆದು ತೆಗೆಯಬೇಕಾಯಿತು. ಅಲ್ಲಿಂದ ಮುಂದೆ ಏಪ್ರಿಲ್ ತನಕ ಹೊಂಡದ ಮುಚ್ಚಳ ತೆರೆಯಲಿಲ್ಲ. ತೆರೆದಾಗ ಸುಣ್ಣ ಗಟ್ಟಿ ಮೊಸರಿನ ಹಾಗೆ ಕರಣೆಗೆ ಅಂಟದೆ ಜಾರುತ್ತಿತ್ತು. ಎಂಟು ದಿನದ ಸುಣ್ಣವನ್ನೂ ಎಂಬತ್ತು ದಿನದ ಸುಣ್ಣವನ್ನೂ ಎರಡು ಬೆರಳ ನಡುವೆ ಉಜ್ಜಿ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ಫೆಬ್ರವರಿ: ಮಾಡು ಬಿಚ್ಚಿದ್ದು

ಬಡಗು ಮಾಡು, ತೆಂಕು ಮಾಡು, ಜಗಲಿಯ ಇಳಿಮಾಡು ಎಂದು ಮೂರು ಭಾಗ ಮಾಡಿಕೊಂಡು, ಇಳಿಸಿದ ಹಂಚನ್ನು ಅಂಗಳದಲ್ಲಿ ಬೇರೆ ಬೇರೆಯಾಗಿ ಒಟ್ಟಿದೆವು. ಈ ಒಂದು ನಿರ್ಧಾರ ಮಾಡದೇ ಇದ್ದಿದ್ದರೆ ಮುಂದೆ ಹೇಳುವ ಯಾವ ಸಂಗತಿಯೂ ಗೊತ್ತಾಗುತ್ತಿರಲಿಲ್ಲ. ಎಲ್ಲ ಸೇರಿ 1,318 ಹಂಚುಗಳು. ಒಂದೊಂದೂ ಸುಮಾರು 16 ಅಂಗುಲ ಉದ್ದ, ಹತ್ತು ಅಂಗುಲ ಅಗಲ, ಎರಡೂವರೆ ಕಿಲೋದಷ್ಟು ತೂಕ. ಆ ಸಣ್ಣ ಮನೆಯ ತಲೆಯ ಮೇಲೆ ಮೂರು ಟನ್ನಿಗೂ ಹೆಚ್ಚು ಭಾರ ಕುಳಿತಿತ್ತು.

ಹಂಚನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಒಂದು ಕೈಯಲ್ಲಿ ತೂಗುಹಿಡಿದು ಗೆಣ್ಣಿನಿಂದ ತಟ್ಟಿ ನೋಡಬೇಕು. ಗಂಟೆಯಂಥ ನಾದ ಬಂದರೆ ಒಳ್ಳೆಯದು. ಮಂದ ಸದ್ದು ಬಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ. ನನ್ನ ಅಣ್ಣನ ಮಕ್ಕಳಿಬ್ಬರು ಎರಡು ಭಾನುವಾರ ಇದೇ ಕೆಲಸ ಮಾಡಿದರು. ಎರಡನೆಯ ದಿನ ಅವರ ಕಿವಿ ನನ್ನದಕ್ಕಿಂತ ಚುರುಕಾಗಿತ್ತು. 164 ಹಂಚುಗಳು ಮಂದ.

ನಾನು ಪ್ರತಿ ಹಂಚಿನ ಅಚ್ಚು ಓದಿ ಪುಸ್ತಕದಲ್ಲಿ ಬರೆದುಕೊಂಡೆ. ತೆಂಕು ಮಾಡಿನಲ್ಲೂ ಇಳಿಮಾಡಿನಲ್ಲೂ ಹೆಚ್ಚಿನವು ಬಾಸೆಲ್ ಮಿಶನ್, ಒಟ್ಟು 702. ಬಡಗು ಮಾಡಿನಲ್ಲಿ ಬಾಸೆಲ್ ಮಿಶನ್ನಿನದು ಬೆರಳೆಣಿಕೆಯಷ್ಟು. ಅಲ್ಲಿದ್ದದ್ದು ಕಾಮನ್‌ವೆಲ್ತ್ ಹೆಸರಿನವು, 391. ಉಳಿದವು ಬೇರೆ ಬೇರೆ ಕಾರ್ಖಾನೆಗಳದ್ದು, ಕಾಲಕಾಲಕ್ಕೆ ಒಡೆದದ್ದರ ಬದಲಿಗೆ ಸೇರಿಸಿದವು.

ಹಂಚಿನ ಚರಿತ್ರೆ ಸ್ವಲ್ಪ ಗೊತ್ತಿದ್ದರೆ ಈ ಲೆಕ್ಕ ಮಾತಾಡುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುದ್ರಣಾಲಯ ಹಾಕಿದರು, ನೇಯ್ಗೆ ಶುರುಮಾಡಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ, ನೇತ್ರಾವತಿಯ ಬದಿಯ ಜೇಡಿಯಿಂದ ಹಂಚು ಅಚ್ಚೊತ್ತುವ ಕಾರ್ಖಾನೆ ತೆರೆದ. ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಳ್ಳುವ ಆ ಹಂಚೇ ಮಂಗಳೂರು ಹಂಚು ಎಂದು ಹೆಸರಾಗಿ ಹಡಗು ಹತ್ತಿ ದೂರದೂರಕ್ಕೆ ಹೋಯಿತು. ಮೂರೇ ವರ್ಷದಲ್ಲಿ, 1868ರಲ್ಲಿ, ಮಂಗಳೂರಿನವರೇ ಆದ ಅಲ್ಬುಕರ್ಕ್ ಮನೆತನದ ಕಾರ್ಖಾನೆಯೂ ಬಂತು. ಮೊದಲ ಮಹಾಯುದ್ಧದಲ್ಲಿ ಮಿಶನ್ನಿನಲ್ಲಿ ಜರ್ಮನ್ನರಿದ್ದ ಕಾರಣಕ್ಕೆ ಬ್ರಿಟಿಷ್ ಸರಕಾರ ಅವರ ಉದ್ದಿಮೆಗಳನ್ನು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಹಾಗಾದರೆ ಅಚ್ಚಿನಲ್ಲಿರುವ 1865 ಕಾರ್ಖಾನೆ ಹುಟ್ಟಿದ ವರ್ಷ. ಹಂಚು ಬೆಂದ ವರ್ಷವಲ್ಲ. ಅರ್ಧ ಶತಮಾನ ಹಂಚು ಮಾಡಿದರೂ ಅಚ್ಚಿನಲ್ಲಿ ಅದೇ ಇಸವಿ. ನಮ್ಮ 702ರಲ್ಲಿಯೇ ಅಕ್ಷರದ ಗಾತ್ರ ಬೇರೆಯಾದ ಎರಡು ಬಗೆಯ ಅಚ್ಚುಗಳಿದ್ದವು. ಇನ್ನು ಬಡಗು ಮಾಡಿನ ಕಾಮನ್‌ವೆಲ್ತ್ ಹಂಚು ಯುದ್ಧ ಮುಗಿಯುವ ಮೊದಲಿನದು ಆಗಿರಲು ಸಾಧ್ಯವೇ ಇಲ್ಲ. ಆ ಮಾಡು ಕುಳಿತಿರುವುದು ಯಾವ ಗೋಡೆಯ ಮೇಲೆ? 1923ರಲ್ಲಿ ಬಿದ್ದು ಮತ್ತೆ ಕಟ್ಟಿದ ಗೋಡೆಯ ಮೇಲೆ. ಪುಸ್ತಕದಲ್ಲಿ ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಸಂಜೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಹಂಚು ಹೋದ ಮೇಲೆ ಹಂಚು ಕೂರುವ ಪಟ್ಟಿಗಳಾದ ರೀಪು, ಅವನ್ನು ಹೊರುವ ಓರೆ ಮರಗಳಾದ ಪಕ್ಕಾಸುಗಳು ಕಂಡವು. ರೀಪು ಪೂರ್ತಿ ಬದಲಾಯಿಸಲೇಬೇಕಿತ್ತು. ಪಕ್ಕಾಸುಗಳಲ್ಲಿ ಬಡಗಿನವು ಗರಗಸದಲ್ಲಿ ಕೊಯ್ದ ಚೌಕದ ಮರ. ತೆಂಕಿನವು ಮಾತ್ರ ಉರುಟು ಕಂಬಗಳು, ರೀಪು ಕೂರಲೆಂದು ಒಂದು ಬದಿ ಸಪಾಟು ಮಾಡಿದವು. ಮರಗೆಲಸದ ಆಚಾರಿಯವರು ಒಂದನ್ನು ಕೆಳಗಿಳಿಸಿ ಮಸಿ ಒರೆಸಿದರು. "ಇಲ್ಲಿ ನೋಡಿ" ಎಂದರು. ಕಂಬದ ಉದ್ದಕ್ಕೂ, ಒಂದು ಗೇಣಿಗೊಮ್ಮೆ, ಬೆರಳಿನಗಲದ ನುಣುಪಾದ ತಗ್ಗು. ಬೆರಳು ಇಟ್ಟರೆ ಸರಿಯಾಗಿ ಕೂರುತ್ತಿತ್ತು. ಹಗ್ಗ ಬಿಗಿದು ಬಿಗಿದು ಸವೆದ ಗುರುತು. ಕಂಬದ ಬುಡದಲ್ಲಿ ಎರಡು ಕಚ್ಚುಗಳು. ಒಂದು ಈಗಿನ ಇಳಿಜಾರಿಗೆ ಹೊಂದುವುದು, ಇನ್ನೊಂದು ಅದಕ್ಕಿಂತ ಕಡಿದಾದ ಇಳಿಜಾರಿಗೆ ಕಡಿದದ್ದು. ಅದನ್ನು ಕಾಗದದ ಮೇಲೆ ಗೀಚಿ ಅಳೆದರೆ ಹೆಚ್ಚುಕಡಿಮೆ 45 ಡಿಗ್ರಿ.

ಹಂಚಿಗೆ 30 ಡಿಗ್ರಿ ಸಾಕು. ಅಷ್ಟು ಕಡಿದು ಬೇಕಾಗುವುದು ಹುಲ್ಲಿಗೆ. ನೀರು ನಿಂತರೆ ಹುಲ್ಲು ಕೊಳೆಯುತ್ತದೆ. ಬೀಳುವ ನೀರು ಬಿದ್ದ ಹಾಗೆ ಜಾರಬೇಕು. ಅಂದರೆ ಈ ಮನೆ ಹುಟ್ಟಿದ್ದು ಮುಳಿಹುಲ್ಲಿನ ಮಾಡಿನಡಿಯಲ್ಲಿ. ಹಂಚು ಬಂದಾಗ ಅದೇ ಕಂಬಗಳನ್ನು ತಗ್ಗಿಸಿ, ಹೊಸ ಕಚ್ಚು ಕಡಿದು, ಮತ್ತೆ ಬಳಸಿದ್ದಾರೆ. ಒಂದನ್ನೂ ವ್ಯರ್ಥ ಮಾಡಿಲ್ಲ.

ತೆಂಕಿನ ಹದಿನಾಲ್ಕು ಕಂಬಗಳಲ್ಲಿ ಹನ್ನೊಂದನ್ನು ಉಳಿಸಿದೆವು. ಮೂರಕ್ಕೆ ಒರಲೆ ಹತ್ತಿತ್ತು. ಗೋಡೆಯ ಮಣ್ಣಿನೊಳಗಿಂದಲೇ ಗೂಡು ಕಟ್ಟುತ್ತ ಏರಿದ ಒರಲೆ. ಉಳಿದ ಮರಕ್ಕೆಲ್ಲ ಗೇರುಬೀಜದ ಸಿಪ್ಪೆಯ ಎಣ್ಣೆ ಎರಡು ಸಲ ಬಳಿದೆವು. ಒರಲೆಗೆ ನಮ್ಮ ಹಿರಿಯರು ನಂಬಿದ ಮದ್ದು ಅದು, ನಾನೂ ನಂಬುತ್ತೇನೆ. ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಬರುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಮೇಲೆ ರಬ್ಬರ್ ಕೈಗವಸು ಹಾಕಿಕೊಂಡು ಮಾಡಬೇಕು.

ಮಾರ್ಚ್: ದಾರಂದದ ಕೆಳಗೆ

ಎದುರು ಬಾಗಿಲಿನ ದಾರಂದ (ಮರದ ಚೌಕಟ್ಟು) ಹಲಸಿನದು. ಅಡ್ಡಪಟ್ಟಿಯಲ್ಲಿ ಒಂದು ಸಣ್ಣ ತಾವರೆ, ಅದರ ಎರಡೂ ಬದಿಗೆ ಒಂದೊಂದು ಎಲೆ. ಅಷ್ಟೇ ಅಲಂಕಾರ. ನೂರಾರು ಸಲ ಎಣ್ಣೆ ಕುಡಿದು ಬಣ್ಣ ಕಂದು ಬೆಲ್ಲದ ಹಾಗೆ ಆಗಿತ್ತು. ಎಡಗಾಲಿನ ಬುಡ ಮಾತ್ರ ಹತ್ತು ಅಂಗುಲ ಕುಂಬಾಗಿತ್ತು. ಹೊಸ ದಾರಂದ ಇಡೋಣ ಎಂದವರ ಮಾತಿಗೆ ಆಚಾರಿಯವರು ತಲೆಯಾಡಿಸಲೇ ಇಲ್ಲ. ಕುಂಬಾದಷ್ಟನ್ನು ಓರೆಯಾಗಿ ಕೊಯ್ದು ತೆಗೆದು, ಹಳೆಯ ಹಲಸಿನ ತುಂಡೊಂದನ್ನು ಅದೇ ಓರೆಗೆ ಸರಿಯಾಗಿ ಕೆತ್ತಿ ಕೂಡಿಸಿ, ಎರಡು ಮರದ ಬೆಣೆ ಹೊಡೆದರು. ಮೊಳೆ ಇಲ್ಲ, ಅಂಟು ಇಲ್ಲ. ಮೂರು ದಿನದ ಕೆಲಸ. ಅದರಲ್ಲಿ ಎರಡೂವರೆ ದಿನ ಹೋದದ್ದು ತುಂಡನ್ನು ಇಟ್ಟು ನೋಡುವುದು, ತೆಗೆದು ಒಂದೆಳೆ ಉಳಿಯಾಡಿಸುವುದು, ಮತ್ತೆ ಇಟ್ಟು ನೋಡುವುದು. ಈಗ ಆ ಕೂಡನ್ನು ಉಗುರಿನಿಂದ ಹುಡುಕಿದರೆ ಮಾತ್ರ ಸಿಗುತ್ತದೆ.

ಕೂಡಿಸುವ ಮೊದಲು ಹೊಸ್ತಿಲನ್ನು ಎತ್ತಬೇಕಾಯಿತು. ಅದರಡಿ, ಎಡಗಾಲು ನಿಲ್ಲುವ ಜಾಗದಲ್ಲಿ, ಮುರಕಲ್ಲಿನಲ್ಲಿ ಬೊಗಸೆಯಷ್ಟು ಕುಳಿ ಕೆತ್ತಿದ್ದರು. ಅದರಲ್ಲಿ ಮಣ್ಣು. ಮಣ್ಣಿನಲ್ಲಿ ಒಂದು ಕಪ್ಪಗಿನ ಬಿಲ್ಲೆ. ದಾರಂದ ನಿಲ್ಲಿಸುವಾಗ ಕೆಳಗೆ ನಾಣ್ಯ ಇಡುವ ವಾಡಿಕೆ ಇರುವುದರಿಂದ ಆಚಾರಿಯವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೆಲಸ ನಿಲ್ಲಿಸಿ, ಕೈ ತೊಳೆದು ಬಂದು, ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ಬೆಳ್ಳಿಯ ರೂಪಾಯಿ. ಒಂದು ಬದಿಗೆ ಕಿರೀಟ ತೊಟ್ಟ ರಾಣಿಯ ಮುಖ, ವಿಕ್ಟೋರಿಯಾ ಕ್ವೀನ್ ಎಂಬ ಅಕ್ಷರ. ಇನ್ನೊಂದು ಬದಿಗೆ 1862.

ಅಂದು ಸಂಜೆ ಮಾವ ಬಂದವರು ನಾಣ್ಯ ನೋಡಿ, "ಹಾಗಾದರೆ ಇನ್ನೂ ಮೂರು ವರ್ಷ ಹಳೆಯದಾಯಿತಲ್ಲ!" ಎಂದು ಸಂತೋಷಪಟ್ಟರು. ನಾನು ಆ ಸಂತೋಷವನ್ನು ಕೂಡಲೇ ಕೆಡಿಸಲಿಲ್ಲ. ಆದರೆ ರೂಪಾಯಿಯದ್ದೂ ಹಂಚಿನದೇ ಕತೆ. 1862ರ ಇಸವಿಯನ್ನೇ ಇಟ್ಟುಕೊಂಡು ಟಂಕಸಾಲೆಗಳು 1874ರವರೆಗೂ ರೂಪಾಯಿ ಹೊಡೆದವು. 1877ರಿಂದ ರಾಣಿಯ ಬಿರುದು ಎಂಪ್ರೆಸ್ ಎಂದಾಯಿತು. ಹಾಗಾಗಿ ನಾಣ್ಯ ಹೇಳುವುದು ಇಷ್ಟೇ. ದಾರಂದ ನಿಂತದ್ದು 1862ಕ್ಕಿಂತ ಮೊದಲಲ್ಲ. ಎಷ್ಟು ಆಮೇಲೆ ಎಂದು ಅದಕ್ಕೆ ಗೊತ್ತಿಲ್ಲ.

ಇನ್ನೊಂದು ತುದಿ ಸಿಕ್ಕಿದ್ದು ಮಾವನ ಕಬ್ಬಿಣದ ಪೆಟ್ಟಿಗೆಯಲ್ಲಿ. ನಾಣ್ಯದ ಮಾತು ಬಂದ ಮೇಲೆ ಅವರೇ ಹುಡುಕಿ ತಂದರು. 1881ರ ಮೂಲಗೇಣಿ ಚೀಟು. ದಕ್ಷಿಣ ಕನ್ನಡದಲ್ಲಿ ಚಾಲಗೇಣಿಯ ಒಕ್ಕಲನ್ನು ಧಣಿ ಬೇಕಾದಾಗ ಎಬ್ಬಿಸಬಹುದಿತ್ತು. ಮೂಲಗೇಣಿ ಹಾಗಲ್ಲ. ಗೇಣಿ ಶಾಶ್ವತ, ಮೊತ್ತವೂ ನಿಗದಿ. ಎದ್ದುಹೋಗುವ ಭಯವಿಲ್ಲದವರು ಮಾತ್ರ ಹಲಸಿನ ದಾರಂದಕ್ಕೆ ದುಡ್ಡು ಹಾಕುತ್ತಾರೆ, ಅದರ ಕೆಳಗೆ ಒಂದಿಡೀ ರೂಪಾಯಿಯನ್ನು ಹೂಳುತ್ತಾರೆ. ಚೀಟಿನಲ್ಲಿ ಜಾಗದ ಚಕ್ಕುಬಂದಿಯ ಬಳಿಕ ಹೀಗೊಂದು ಸಾಲು: ಹುಲ್ಲು ಹೊದಿಸಿದ ಮನೆ ಒಂದು, ಬಾವಿ ಒಂದು, ಫಲ ಬರುವ ತೆಂಗು ಹನ್ನೊಂದು, ಹಲಸು ಎರಡು.

1881ರಲ್ಲಿಯೂ ಹುಲ್ಲೇ ಇತ್ತು. ಹಂಚಿನ ಕಾರ್ಖಾನೆ ನದಿಯ ಕೆಳಗಣ ದಿಕ್ಕಿನಲ್ಲಿ ಹದಿನಾರು ವರ್ಷದಿಂದ ಉರಿಯುತ್ತಿದ್ದರೂ, ಪಾಣೆಮಂಗಳೂರಿನ ಒಂದು ಸಣ್ಣ ಮನೆ ಇನ್ನೂ ವರ್ಷ ವರ್ಷ ಮುಳಿಹುಲ್ಲು ಹೊದಿಸಿಕೊಳ್ಳುತ್ತಿತ್ತು. ಹಂಚು ಕೊಳ್ಳುವಷ್ಟು ಕೈಯಲ್ಲಿ ಉಳಿದದ್ದು ಅದರ ಬಳಿಕ ಯಾವಾಗಲೋ. ಈ ವಿವರ ನನ್ನನ್ನು ಬಹಳ ತಟ್ಟಿತು. ಹೆಸರೂ ಉಳಿಯದ ಯಾರೋ ಒಬ್ಬಳು ಅಜ್ಜಿ ಮಳೆಗಾಲದಲ್ಲಿ ತೊಟ್ಟಿಕ್ಕುವ ಹುಲ್ಲಿನಡಿ ಮಕ್ಕಳನ್ನು ಈಚೆಗೂ ಆಚೆಗೂ ಸರಿಸಿ ಮಲಗಿಸಿದ್ದು, ಹಂಚಿನ ಲೆಕ್ಕ ಹಾಕಿದ್ದು, ಎಲ್ಲವೂ ಆ ಒಂದು ಸಾಲಿನ ಹಿಂದೆ ಇರಬೇಕು.

ಮಾವನಿಗೆ ಎಲ್ಲವನ್ನೂ ಕೂರಿಸಿಕೊಂಡು ಹೇಳಿದೆ. ಹಗ್ಗದ ಗುರುತನ್ನು ಬೆರಳಿನಿಂದ ಮುಟ್ಟಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಗಳೇ, ಆ ಕಂಬಗಳನ್ನು ಬಿಸಾಡುವುದಿಲ್ಲ ತಾನೇ?"

ಏಪ್ರಿಲ್, ಮೇ: ಗಾರೆ, ಹಂಚು, ಪತ್ತನಾಜೆ

ಗಾರೆಗೆ ಒಂದು ಪಾಲು ಸುಣ್ಣ, ಎರಡೂವರೆ ಪಾಲು ಹೊಳೆಯ ಮರಳು, ಅರ್ಧ ಪಾಲು ಒಡೆದ ಹಂಚಿನ ಪುಡಿ. ಆ 164 ಮಂದ ಹಂಚುಗಳು ಹೀಗೆ ಗೋಡೆ ಸೇರಿದವು. ಬೆಂದ ಜೇಡಿಯ ಪುಡಿ ಇದ್ದರೆ ತೇವದ ಜಾಗದಲ್ಲೂ ಸುಣ್ಣ ಬೇಗ ಕಚ್ಚುತ್ತದೆ. ಕಲಸಲು ಬೆಲ್ಲ ನೆನೆಸಿದ ನೀರು. ಗೋಡೆಗೆ ಮೊದಲು ನೀರು ಚಿಮುಕಿಸಿ, ಒಮ್ಮೆಗೆ ಅರ್ಧ ಅಂಗುಲಕ್ಕಿಂತ ದಪ್ಪ ಮಾಡದೆ, ಎರಡು ಪದರ. ಮೇಲೆ ಒದ್ದೆ ಗೋಣಿ ಇಳಿಬಿಟ್ಟು ಹತ್ತು ದಿನ ಆರೈಕೆ. ಮೆತ್ತಗಾಗಿದ್ದ ಮಣ್ಣಿನ ಗೋಡೆಯ ಭಾಗಗಳನ್ನು ಕೆರೆದು, ಅದೇ ಮಣ್ಣಿಗೆ ಬೈಹುಲ್ಲಿನ ಚೂರು ಸೇರಿಸಿ ತುಂಬಿದ್ದೆವು. ನೆಲದ ಕಾವಿಯನ್ನು ಮುಟ್ಟಲಿಲ್ಲ, ಅದು ಚೆನ್ನಾಗಿಯೇ ಇತ್ತು.

ಹಂಚು ಏರಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆಯಲ್ಲಿ ಒಂದೆರಡು ಗೆರೆಯ ವ್ಯತ್ಯಾಸವಿರುತ್ತದೆ. ಒಂದೇ ಸಾಲಿನಲ್ಲಿ ಬೆರೆಸಿದರೆ ಕಚ್ಚು ಸರಿಯಾಗಿ ಕೂರದೆ ಗಾಳಿಮಳೆಗೆ ನೀರು ಒಳಗೆ ನುಗ್ಗುತ್ತದೆ. ಹಾಗಾಗಿ ಬಾಸೆಲ್ ಮಿಶನ್ನಿನದು ತೆಂಕಿಗೇ, ಕಾಮನ್‌ವೆಲ್ತ್ ಬಡಗಿಗೇ ಹೋಯಿತು. ರೀಪಿನ ಅಂತರವನ್ನು ಎರಡೂ ಕಡೆ ಬೇರೆ ಬೇರೆಯಾಗಿ, ಆಯಾ ಹಂಚನ್ನು ಇಟ್ಟು ನೋಡಿ ಗುರುತು ಹಾಕಿದೆವು. ಕಡಿಮೆ ಬಿದ್ದದ್ದಕ್ಕೆ ಕೆಡವಿದ ಮನೆಯೊಂದರಿಂದ 200 ಹಳೆಯ ಹಂಚು ಕೊಂಡು ತಂದು, ಎರಡೂ ಮಾಡುಗಳ ಕೆಳತುದಿಯಲ್ಲಿ, ಜಗಲಿಯ ಕಡೆ, ಅಚ್ಚು ನೋಡಿ ಸಾಲು ಸಾಲಾಗಿ ಹೊಂದಿಸಿದೆವು. ಕೆಲಸದಲ್ಲಿ ಇನ್ನೂ ಒಂಬತ್ತು ಒಡೆದವು. ಉಳಿದದ್ದು 27.

ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಲ್ಲಿಗೆ ಭೂತಕೋಲ, ಯಕ್ಷಗಾನದ ಆಟ ಎಲ್ಲ ನಿಂತು ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆ ಯಾವ ದಿನವೂ ಬರಬಹುದು. ಅಷ್ಟರೊಳಗೆ ನೆತ್ತಿಯ ಹಂಚು ಕೂರಬೇಕು ಎಂದು ಮೇಸ್ತ್ರಿ ಮೊದಲ ದಿನವೇ ಗಡುವು ಹಾಕಿದ್ದರು. ಎರಡು ದಿನ ಮೊದಲೇ ಕೂರಿಸಿದರು. ರೂಪಾಯಿಯನ್ನು ತೊಳೆದು ಹೊಳೆಯಿಸಲಿಲ್ಲ. ಕಪ್ಪಾಗಿದ್ದ ಹಾಗೇ ಅದೇ ಕುಳಿಗೆ, ಅದೇ ಮಣ್ಣಿನೊಳಗೆ ಅಮ್ಮ ಇಟ್ಟರು. ಮೇಲೆ ಹೊಸ್ತಿಲು ಕುಳಿತಿತು.

ಜೂನ್ ಮೊದಲ ವಾರ ರಾತ್ರಿಯಿಡೀ ಮಳೆ. ನಾನು ಬ್ಯಾಟರಿ ಹಿಡಿದು ಕೋಣೆ ಕೋಣೆ ಸುತ್ತಿದೆ. ಜಗಲಿಯ ಇಳಿಮಾಡು ದೊಡ್ಡ ಮಾಡಿಗೆ ಸೇರುವಲ್ಲಿ ಒಂದು ಕಡೆ ಸೋರುತ್ತಿತ್ತು. ಬೆಳಿಗ್ಗೆ ಏಣಿ ಹತ್ತಿ ನೋಡಿದರೆ ಒಂದು ಹಂಚು ಅರ್ಧ ಅಂಗುಲ ಜಾರಿತ್ತು. ಒತ್ತಿ ಕೂರಿಸಿದೆ, ನಿಂತಿತು. ಗೋಡೆಗೆ ಅಂಗೈ ಇಟ್ಟು ನೋಡಿದೆ, ಒಣಗಿತ್ತು. ಬಡಗು ಮೂಲೆಯಲ್ಲಿ ಆ ಮೆಕ್ಕಲಿನ ಗೆರೆ ಇರುವ ಒಂದು ಚದರಡಿಯನ್ನು ಗಾರೆ ಹಚ್ಚದೆ ಬಿಟ್ಟಿದ್ದೇವೆ. ಮಾವ ಬಂದವರಿಗೆ ಈಗ ಮೊದಲು ತೋರಿಸುವುದು ಅದನ್ನು.

ಅಡುಗೆಮನೆಯ ಹಿಂದಿನ ಗೋಡೆಯ ಹೊರಮೈ, ಅಟ್ಟದ ಎರಡು ಹಲಗೆ, ಬಾವಿಕಟ್ಟೆ ಬಾಕಿ ಇವೆ. ದೀಪಾವಳಿ ಕಳೆದ ಮೇಲೆ ಮೇಸ್ತ್ರಿ ಮತ್ತೆ ಬರುತ್ತಾರೆ. ಹೊಂಡದಲ್ಲಿ ಎರಡು ಅಡಿಯಷ್ಟು ಸುಣ್ಣ ಉಳಿದಿದೆ. ಮೇಲೆ ನೀರು ನಿಲ್ಲಿಸಿ, ಹಲಗೆ ಮುಚ್ಚಿ, ಅದರ ಮೇಲೆ ಆ 27 ಹಂಚುಗಳನ್ನು ಒಟ್ಟಿ ಬಂದಿದ್ದೇನೆ.